ಕೊಟ್ಟಿಗೆಯಲ್ಲಿದ್ದ ಕ್ಯಾಲ್ಸಿಯಂ ಬಾಟಲಿ

ಗೇಣುದ್ದ ಮೇಲೆತ್ತಿ ಸೊಂಟಕ್ಕೆ ಸಿಕ್ಕಿಸಿದ ಬಿಳಿ ಸೀರೆ, ಅರ್ಧ ನರೆತ ಬಿಗಿ ಜಡೆ, ಕಾಲಲ್ಲಿ ಗಂಡಸರ ಕ್ಯಾನ್ವಾಸ್ ಬೂಟು. ನಮ್ಮ ಹಳ್ಳಿ ಭಾತಂಬ್ರಾದ ಓಣಿಗಳಲ್ಲಿ ನಮ್ಮ ನರ್ಸಬಾಯಿ ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ಬೀದರಿನಿಂದ ಬಸ್ಸಿಗೆ ಬಂದು ಹೋಗುವವರು. ಅವರು ಕೂತು ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಬಾಗಿಲಲ್ಲೇ ಕಪ್ಪಿನಿಂದ ಬಸಿಗೆ ಸುರುವಿಕೊಂಡು ಕುಡಿದು, "ಇನ್ನಾ ನಾಕು ಮನಿ ಅವ," ಎನ್ನುತ್ತ ಹೊರಟುಬಿಡುತ್ತಿದ್ದರು.

ನನ್ನ ಎರಡನೆಯ ಬಾಣಂತನ ಗಂಡನ ಮನೆಯಲ್ಲಾಯಿತು. ಅತ್ತೆ ಕೆಟ್ಟವರಲ್ಲ, ಅವರ ಅತ್ತೆ ಮಾಡಿದ್ದನ್ನೇ ಮಾಡಿದರು. ರೊಟ್ಟಿ, ಬೆಳ್ಳುಳ್ಳಿ ಖಾರ, ಬಿಸಿನೀರು. ಹಾಲು ಕುಡಿದರೆ ಹೊಲಿಗೆ ಕೀವಾಗುತ್ತದೆ, ಮಜ್ಜಿಗೆ ಕುಡಿದರೆ ಕೂಸಿಗೆ ಶೀತ. ಆಸ್ಪತ್ರೆಯವರು ಕೊಟ್ಟ ಕ್ಯಾಲ್ಸಿಯಂ ಗುಳಿಗೆ ಉಷ್ಣವೆಂದು ಗೋಡೆಯ ಗೂಡು ಸೇರಿತು. ಮೂರು ತಿಂಗಳಾಗುವಷ್ಟರಲ್ಲಿ ಹಾಲೂಡಿಸಿ ಏಳಹೋದರೆ ನಡ ಹಿಡಿಯುತ್ತಿತ್ತು, ಕಾಲು ಸೆಟೆಯುತ್ತಿತ್ತು. ಕೂಸನ್ನು ಎಲ್ಲಿ ಕೈಬಿಟ್ಟುಬಿಡುತ್ತೇನೋ ಎಂದು ಜೀವ ಪುಕುಪುಕು ಎನ್ನುತ್ತಿತ್ತು. "ಎರಡು ಹಡದವರಿಗಿ ಇದೆಲ್ಲಾ ಇರೂದೇ," ಎಂದರು ಅತ್ತೆ.

ಒಂದು ಮುಂಜಾನೆ, ನನ್ನ ಪಥ್ಯದ ಸಂಗತಿ ಮೊದಲೇ ತಿಳಿದಿದ್ದ ನರ್ಸಬಾಯಿ ಹಿತ್ತಲ ಕಡೆಯಿಂದ ಬಂದರು. ಕೊಟ್ಟಿಗೆಯಲ್ಲಿ ಅತ್ತೆ, ಆಗಷ್ಟೇ ಈದಿದ್ದ ಎಮ್ಮೆ ತಿನ್ನುವ ಹಿಂಡಿಗೆ ದನದ ಡಾಕ್ಟರು ಬರೆದುಕೊಟ್ಟ ಬಾಟಲಿ ಸುರಿದು ಕಲಸುತ್ತಿದ್ದರು. ಮಾತು ನನಗೆ ಒಳಗೆ ಕೇಳುತ್ತಿತ್ತು.

"ಏನ್ರಿ ಆಯಿ ಅದು?"

"ಕ್ಯಾಲ್ಸಿಯಂ ರೀ. ದಿನಾ ಹಾಲು ಹಿಂಡ್ತೇವಲ್ಲ, ಇದು ಹಾಕಲಿಲ್ಲಂದ್ರ ಎಮ್ಮಿ ನೆಲಾ ಹಿಡೀತದ."

ನರ್ಸಬಾಯಿ ನಕ್ಕುಬಿಟ್ಟರು. "ಹಂಗಾದ್ರ ಸೊಸಿ ಏನು ಪಾಪ ಮಾಡ್ಯಾಳ್ರಿ? ಆಕಿ ಹಾಲೂ ಒಂದು ಜೀವ ಕುಡೀತದ. ನೀವು ಕೊಡಲಿಲ್ಲಂದ್ರ ಕೂಸು ಬಿಡ್ತದೇನು? ಆಕಿ ಎಲುಬಿನ್ಯಾಗಿಂದ ತಗೋತದ."

ಮಧ್ಯಾಹ್ನ ನನ್ನ ತಾಟಿನ ಪಕ್ಕ ಒಂದು ತಂಬಿಗೆ ಮಜ್ಜಿಗೆ ಬಂತು, ಗೂಡಿನ ಗುಳಿಗೆಯೂ ಬಂತು. ಬೆಳೆಯುವ ಹುಡುಗಿಗೂ ಬೇಕೆಂದು ನರ್ಸಬಾಯಿ ಹೇಳಿಹೋಗಿದ್ದರಿಂದ ಹಿರಿಮಗಳಿಗೆ ಹಾಲು, ಎಳ್ಳುಂಡಿ. ಬೇಸಿಗೆಯ ಹೊತ್ತಿಗೆ ನಾನು ಇಬ್ಬರನ್ನೂ ಎತ್ತಿಕೊಂಡು ಅಂಗಳ ದಾಟುತ್ತಿದ್ದೆ.

ನಿವೃತ್ತರಾದ ಮೇಲೆ ನರ್ಸಬಾಯಿ ಬೀದರಿನ ಮನೆಯಲ್ಲಿ ಬಚ್ಚಲಲ್ಲಿ ಜಾರಿದರು. ತೊಡೆಯ ಎಲುಬು ಮುರಿಯಿತು. ನೋಡಲು ಹೋದಾಗ ಮಲಗಿದಲ್ಲೇ ಚಾದರದ ಅಂಚು ಮಡಚುತ್ತ, ಬಿಡಿಸುತ್ತ ಇದ್ದರು. ಸುಮ್ಮನಿರುವುದು ಆಗಲೂ ಅವರಿಗೆ ಬರಲಿಲ್ಲ.

"ಎಲುಬಿನ್ಯಾಗ ಏನೂ ಉಳದಿಲ್ಲ ಅಂತಾರ ಡಾಕ್ಟರು," ಎಂದರು. "ಮೂರು ಹಡದೆ. ಮೂರಕ್ಕೂ ಡ್ಯೂಟಿ ಮಾಡ್ಕೋತ ಹಾಲು ಕುಡಸಿದೆ. ಗುಳಿಗಿ ಚೀಲದಾಗೇ ಇರ್ತಿದ್ದವು ತಂಗಿ. ನಾನೂ ತಗೋಬೇಕಂತ ನೆನಪೇ ಆಗಲಿಲ್ಲ ನೋಡು."

ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು.

ನನಗೆ ಇಂದಿಗೂ ಸಮಾಧಾನವಿಲ್ಲ. ಮಕ್ಕಳಿಬ್ಬರೂ ನೆಟ್ಟಗೆ ಬೆಳೆದಿದ್ದಾರೆ, ನಾನು ಗಟ್ಟಿಯಾಗಿದ್ದೇನೆ. ಅದೆಲ್ಲ ಅವರ ಋಣ. ನಮ್ಮ ಬಾಗಿಲಿಗೆ ಬಂದಾಗಲೆಲ್ಲ, "ಏನು ಉಂಡಿ?" ಎಂದು ಅವರು ನನ್ನನ್ನು ಕೇಳುತ್ತಿದ್ದರು. ನೀವೇನು ಉಂಡಿರಿ ಎಂದು ನಾನು ಒಮ್ಮೆಯೂ ಕೇಳಲಿಲ್ಲ.