ಕೊಬ್ಬರಿಗೆ ಚುಚ್ಚಿ ನೋಡಿದ ಚಾಕು

ಮಡಿಸುವ ಚಾಕು ಟಕ್ಕೆಂದು ಮುಚ್ಚಿಕೊಂಡು ನನ್ನ ಬಲಗೈ ತೋರುಬೆರಳನ್ನು ಕಚ್ಚಿ ಹಿಡಿಯಿತು. ತಿಪಟೂರು ಸಂತೆಯಲ್ಲಿ ನಾನು ಕಿರುಚಿದ ರಭಸಕ್ಕೆ ಅತ್ತ ಹೊನ್ನವಳ್ಳಿಯ ತೋಟಗಳಲ್ಲಿ ಎಳನೀರು ಉದುರಿರಬೇಕು.

ತಪ್ಪು ನನ್ನದೇ. "ಅಗ್ಗದ ಚಾಕು ಪರೀಕ್ಷೆ ಮಾಡೋದು ಹಿಂಗೆ, ನೋಡ್ಕೊಳ್ಲಾ" ಎಂದು ಗೆಳೆಯ ಬಸವನ ಮುಂದೆ ಜಂಬ ಕೊಚ್ಚುತ್ತಾ, ಅದರ ತುದಿಯನ್ನು ಒಣಕೊಬ್ಬರಿಗೆ ಬಲವಾಗಿ ಒತ್ತಿದ್ದೆ. ಸ್ಪ್ರಿಂಗ್ ಸಡಿಲವಿದ್ದುದರಿಂದ ಅಲಗು ಹಿಂದಕ್ಕೆ ಮಡಚಿಕೊಂಡಿತು.

ಬೆರಳು ಹೋಯಿತೆಂದು ಕಣ್ಣು ಮುಚ್ಚಿಕೊಂಡೆ. ಚಾಕು ಮಾರುವ ಮುದುಕ ನಿಧಾನವಾಗಿ ಅಲಗು ಬಿಡಿಸಿದ.

"ಕಣ್ಬುಡ್ಲಾ, ಒಂದ್ ತೊಟ್ಟು ರಕ್ತಾನೂ ಬಂದಿಲ್ಲ. ಅದಕ್ಕಿನ್ನೂ ಸಾಣೆ ಹಿಡ್ದಿಲ್ಲ ಕಣಪ್ಪ!"

ಸ್ಪ್ರಿಂಗಿನಂತೆ ಅಲಗೂ ಕಳಪೆಯಾಗಿದ್ದದ್ದು ನನ್ನ ಪುಣ್ಯ. ಹರಿತವಾಗಿದ್ದಿದ್ದರೆ ಇದನ್ನು ಎಡಗೈಯಲ್ಲಿ ಬರೆಯಬೇಕಾಗಿತ್ತು.