ರೋಮ್‌ನಿಂದ ಜ್ಯೂರಿಕ್‌ಗೆ ಒಂದೂವರೆ ಗಂಟೆ

ಎಂಬತ್ತರ ದಶಕದಲ್ಲಿ ನಾನು ಸೌದಿ ಅರೇಬಿಯಾದ ಬೆಟ್ಟದೂರು ಅಭಾದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನಮ್ಮ ವಾರ್ಡಿನಲ್ಲಿದ್ದ ಒಬ್ಬ ಮುದುಕಿಯ ಹೃದಯದ ಕವಾಟ ಕೆಟ್ಟಿತ್ತು. ಆಪರೇಷನ್‌ಗೆ ಜ್ಯೂರಿಕ್‌ಗೆ ಕಳುಹಿಸುವುದೆಂದಾಯಿತು. ಜೊತೆಗೆ ಅವರ ಮಗ, ದಾರಿಯಲ್ಲಿ ನೋಡಿಕೊಳ್ಳಲು ನಾನು. ಜಿದ್ದಾದಿಂದ ರೋಮ್, ಅಲ್ಲಿ ವಿಮಾನ ಬದಲಿಸಿ ಜ್ಯೂರಿಕ್.

ಸುದ್ದಿ ಕೇಳಿ ಲ್ಯಾಬಿನಲ್ಲಿದ್ದ ಉಡುಪಿಯ ಬ್ಯಾರಿಯೊಬ್ಬರು ನಕ್ಕರು. "ಎಂತ ಮಾರಾಯ್ತಿ, ಮಂಗಳೂರಿಗೆ ಹೋಗ್ಲಿಕ್ಕೆ ರಜೆ ಇಲ್ಲ, ಯುರೋಪಿಗೆ ಸಿಕ್ಕಿತಾ?"

ಹೊರಡುವ ಹಿಂದಿನ ದಿನ ಮುದುಕಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ರೋಮ್‌ನಿಂದ ಆ ಊರಿಗೆ ಎಷ್ಟು ದೂರ, ಮಗಳೇ?"

"ಇಲ್ಲಿಂದ ಮೆಕ್ಕಾಕ್ಕೆ ಹೋದಷ್ಟು ಅಂದುಕೊಳ್ಳಿ, ಸ್ವಲ್ಪ ಹೆಚ್ಚೇ ಇರಬಹುದು. ವಿಮಾನದಲ್ಲಿ ಒಂದೂವರೆ ಗಂಟೆ."

ಅವರು ನಂಬಲಿಲ್ಲ. ನಾನು ತಮಾಷೆ ಮಾಡುತ್ತಿದ್ದೇನೆಂದೇ ಎಣಿಸಿದರು.

ರೋಮ್ ಬಿಟ್ಟು ಸ್ವಲ್ಪ ಹೊತ್ತಿಗೆ ಕೆಳಗಿನ ಹಸಿರು ಮುಗಿದು ಹಿಮದ ಬೆಟ್ಟಗಳು ಶುರುವಾದವು. ಒಂದರ ಹಿಂದೆ ಇನ್ನೊಂದು, ಕಣ್ಣು ಹಾಯುವವರೆಗೂ. ಹಿಮದ ಬಿರುಕುಗಳೊಳಗೆ ನೀಲಿ ಬಣ್ಣ. ನಮ್ಮದೇ ವಿಮಾನದ ನೆರಳು ಒಂದು ಶಿಖರವನ್ನು ಏರಿ ಆಚೆ ಇಳಿಯಿತು. ಸಮುದ್ರ ನೋಡಿ ಬೆಳೆದ ನಾನು ಉಸಿರು ಬಿಗಿಹಿಡಿದು ನೋಡಿದೆ. ಮುದುಕಿಯ ನಾಡಿ ನೋಡಬೇಕಿತ್ತು, ಅದೂ ಮರೆತುಹೋಯಿತು. ಅವರು ಹಣೆಯನ್ನು ಕಿಟಕಿಗೆ ಒತ್ತಿ "ಸುಬ್‌ಹಾನಲ್ಲಾಹ್" ಎನ್ನುತ್ತಲೇ ಇದ್ದರು.

"ವಿಮಾನ ಇಲ್ಲದ ಕಾಲದಲ್ಲಿ ಜನ ಇದನ್ನು ಹೇಗೆ ದಾಟುತ್ತಿದ್ದರು?"

"ನಡೆದುಕೊಂಡು."

"ಹೆಂಗಸರೂ?"

"ಹೆಂಗಸರೂ, ಮಕ್ಕಳೂ."

ಅವರು ಹೊರಗೆ ನೋಡುತ್ತಲೇ ಹೇಳಿದರು: "ನಾನೂ ನಡೆದಿದ್ದೆ. ಹಜ್‌ಗೆ, ಅಭಾದಿಂದ ಮೆಕ್ಕಾಕ್ಕೆ. ಬೆನ್ನಿಗೆ ಮಗಳನ್ನು ಕಟ್ಟಿಕೊಂಡಿದ್ದೆ. ದಾರಿಯಲ್ಲಿ ಅವಳಿಗೆ ಜ್ವರ ಬಂತು. ಒಂದು ಬೆಟ್ಟದ ಬದಿಯಲ್ಲಿ ಮಣ್ಣು ಮಾಡಿದೆವು. ನಮ್ಮ ಗುಂಪಿನ ಒಂಟೆಗಳು ನಿಲ್ಲಲಿಲ್ಲ, ನಾವೂ ಹಿಂದೆಯೇ ನಡೆದೆವು."

ಆಚೆ ಸೀಟಿನಲ್ಲಿದ್ದ ಮಗ ಗಡ್ಡ ನರೆತ ಮನುಷ್ಯ. "ಅಮ್ಮಾ, ನನಗೆ ಅಕ್ಕ ಇದ್ದಳಾ?" ಎಂದ. ಧ್ವನಿ ಮಗುವಿನದಾಗಿತ್ತು.

"ಇದ್ದಳು."

ಅವನು ಬಗ್ಗಿ ತಾಯಿಯ ಕೈಗೆ ಮುತ್ತಿಟ್ಟ. ಅಷ್ಟರಲ್ಲಿ ಬೆಟ್ಟಗಳು ಮುಗಿದು, ವಿಮಾನ ಒಂದು ಸರೋವರದ ಮೇಲಾಗಿ ಕೆಳಗಿಳಿಯತೊಡಗಿತ್ತು. ಅಷ್ಟು ದೊಡ್ಡದೊಂದು ಅಷ್ಟು ಬೇಗ ಹಿಂದಾಯಿತೇ ಎಂದು ನನಗೆ ಭಯವೇ ಆಯಿತು.

ಆಪರೇಷನ್ ಚೆನ್ನಾಗಿ ಆಯಿತು. ಗುಣವಾಗಿ ಜಿದ್ದಾದಲ್ಲಿ ಇಳಿದಾಗ, ಅಭಾಕ್ಕೆ ವಿಮಾನ ಬೇಡವೆಂದು ಮುದುಕಿ ಹಟ ಹಿಡಿದರು. ಡಾಕ್ಟರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದೆ. ಮಗ ಕಾರು ತಂದ.

ತಾಯಿಫ್ ದಾಟಿದ ಮೇಲೆ ಬೆಟ್ಟದ ತಿರುವುಗಳು. ರಸ್ತೆ ಬದಿಯಲ್ಲಿ ಮಂಗಗಳ ಹಿಂಡು. ಪ್ರತಿ ತಿರುವಿನಲ್ಲೂ ಮಗ ಕಾರು ನಿಧಾನ ಮಾಡಿ "ಇಲ್ಲೇನಮ್ಮಾ?" ಎನ್ನುತ್ತಿದ್ದ. ಅವರಿಗೆ ಗುರುತು ಸಿಗಲಿಲ್ಲ. ಕೊನೆಗೆ, "ಎಲ್ಲಾದರೂ ನಿಲ್ಲಿಸು, ಅವಳು ಈ ಬೆಟ್ಟಗಳಲ್ಲೇ ಇದ್ದಾಳೆ" ಎಂದರು.

ಇಳಿದೆವು. ಕೆಳಗೆ ಕಂದರದ ಮೇಲೆ ಕಂದರ, ಒಂದು ಮನೆಯೂ ಇಲ್ಲ. ಇದನ್ನೆಲ್ಲ ಈ ಹೆಂಗಸು ಬರಿಗಾಲಲ್ಲಿ ದಾಟಿದ್ದರು. ತಾಯಿ ಮಗ ಕೈಯೆತ್ತಿ ದುವಾ ಮಾಡಿದರು. ಹಿಂದೆ ನಿಂತು ನಾನು ನಮ್ಮ ಇಗರ್ಜಿಯ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಹೇಳಿಕೊಂಡೆ.

ಅಭಾ ತಲುಪುವವರೆಗೂ ಅವನು ಅಕ್ಕನ ಬಗ್ಗೆ ಕೇಳುತ್ತಲೇ ಇದ್ದ, ಅವರು ಹೇಳುತ್ತಲೇ ಇದ್ದರು.