ಲೋಡ್ ವಾಪಸ್ ತಂದ ಡ್ರೈವರ್

ಲಾರಿ ಹತ್ತಿ ಎರಡು ವರ್ಷ ತುಂಬದ ಡ್ರೈವರ್‌ಗೆ ಇರಬೇಕಾದ ಜಂಭ ಅವನಿಗೂ ಇತ್ತು, ತುಸು ಹೆಚ್ಚೇ ಇತ್ತು ಅನ್ನಿ. ಹೆದ್ದಾರಿ ಹಿಡಿದನೆಂದರೆ ವಾರಗಟ್ಟಲೆ ಮನೆ ಕಡೆ ತಲೆ ಹಾಕದ ದೂರದ ಡ್ರೈವರ್ ಅವನು. ಸುತ್ತಮುತ್ತಲ ಊರುಗಳಿಗೆ ಮಾಲು ಹಾಕಿ ಸಂಜೆಗೆ ವಾಪಸಾಗುವವರನ್ನು ಕಂಡರೆ ಅವನ ಬಳಗಕ್ಕೆ ಅಷ್ಟಕ್ಕಷ್ಟೆ. ಅವರನ್ನು ‘ಹಾಲು ಹಾಕೋರು’ ಎಂದು ಕರೆದು ನಗುತ್ತಿದ್ದರು. ಇವನೂ ಜೊತೆಗೆ ಸೇರಿ ನಕ್ಕವನೇ.

ಅಂಥವನು ತಾನಾಗಿಯೇ ಹೋಗಿ ಹತ್ತಿರದ ರೂಟ್ ಕೊಡಿ ಎಂದು ಕೇಳಿದ. ಕಾರಣ ಹೆಂಡತಿ. ಮಗಳು ಹುಟ್ಟುವ ಮುಂಚೆ ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಸಂಜೆ ಪಾಳಿ ಮಾಡುತ್ತಿದ್ದಳು. ಈಗ ಅವರು ಮತ್ತೆ ಕರೆದಿದ್ದರು. ಅವಳು ಆರಕ್ಕೆ ಮನೆ ಬಿಡಬೇಕು, ಅಷ್ಟರೊಳಗೆ ಮಗುವನ್ನು ಎತ್ತಿಕೊಳ್ಳಲು ಯಾರಾದರೂ ಬೇಕು.

“ದಿನಾ ಇದೇ ನಾಲ್ಕು ಗೋಡೆ ನೋಡ್ತಾ ಇದ್ರೆ ನಂಗೆ ಹುಚ್ಚು ಹಿಡಿಯತ್ತೆ. ನಂಗೆ ಆ ಕೆಲಸ ಬೇಕು,” ಎಂದಿದ್ದಳು, ಮಗುವಿನ ಬಟ್ಟೆ ಮಡಚುತ್ತಾ.

ಜಗಳ ಆಡಿದ್ದರೆ ಅವನೂ ನಾಲ್ಕು ಮಾತು ಆಡಿ ಲಾರಿ ಹತ್ತುತ್ತಿದ್ದನೋ ಏನೋ. ಅವಳು ಮೆಲ್ಲಗೆ ಹೇಳಿದ್ದೇ ಅವನಿಗೆ ನಾಟಿತು. ತಾನು ಊರೂರು ನೋಡುತ್ತಾ ಹೋಗುವಾಗ ಇವಳು ಏನು ನೋಡುತ್ತಿರುತ್ತಾಳೆ ಎಂದು ಅವನು ಯೋಚಿಸಿರಲೇ ಇಲ್ಲ. ಗಂಡಸರಿಗೆ ಇಂಥದ್ದು ತಡವಾಗಿಯೇ ಹೊಳೆಯುತ್ತದೆ, ಹೊಳೆದದ್ದೇ ಪುಣ್ಯ.

ಸಾಗಣೆ ಕಂಪನಿಯ ಸೂಪರ್‌ವೈಸರ್ ಮೇಡಂ ಮಾತಾಡುವುದು ಕಡಿಮೆ, ಕನ್ನಡಕದ ಮೇಲಿಂದ ನೋಡುವುದು ಜಾಸ್ತಿ. ಒಂದು ತಿಂಗಳು ನೋಡುತ್ತೇನೆ, ಕೈಲಾಗದಿದ್ದರೆ ಮತ್ತೆ ದೂರದ ಗಾಡಿಗೇ ಹಾಕುತ್ತೇನೆ ಎಂದು ಹೇಳಿ ರೂಟ್ ಕೊಟ್ಟರು. ಅಂಗಡಿಯಿಂದ ಅಂಗಡಿಗೆ ವಾಶ್‌ಬೇಸಿನ್, ಕಮೋಡ್, ಪೈಪು ಇಳಿಸಿಕೊಂಡು ಹೋಗುವ ಕೆಲಸ.

ದೂರದ ಡ್ರೈವರ್‌ಗಳಲ್ಲಿ ಒಂದು ಪದ್ಧತಿಯಿದೆ. ಮಾಲು ತುಂಬುವ ಹೊತ್ತಿನಲ್ಲಿ ಡ್ರೈವರ್ ಮಲಗಬೇಕು. ತುಂಬುವುದು ಹಮಾಲರ ಕೆಲಸ, ಇಳಿಸಿಕೊಳ್ಳುವುದು ಆ ಕಡೆಯವರ ಕೆಲಸ, ನಡುವೆ ಕಣ್ಣು ಬಿಟ್ಟುಕೊಂಡಿರುವುದು ಇವನ ಕೆಲಸ. ಹಾಗಾಗಿ ಸಿಕ್ಕ ನಿದ್ದೆಯನ್ನು ಬಿಡುವಂತಿಲ್ಲ. ಹೊಸ ರೂಟಿನ ಮೊದಲ ಬೆಳಿಗ್ಗೆಯೂ ಇವನು ಅಭ್ಯಾಸಬಲದಿಂದ ಸೀಟಿಗೆ ಒರಗಿ ಗೊರಕೆ ಹೊಡೆದ. ಹಿಂದೆ ಹಮಾಲರು ಚೀಟಿಯಲ್ಲಿದ್ದ ಸರತಿಯಂತೆಯೇ ತುಂಬಿದರು. ಮೊದಲ ಅಂಗಡಿಯ ಮಾಲು ಎಲ್ಲಕ್ಕಿಂತ ಒಳಗೆ ಹೋಯಿತು, ಕೊನೆಯ ಅಂಗಡಿಯದು ಬಾಗಿಲಿಗೆ ಬಂತು. ಪಕ್ಕದಲ್ಲಿ ನಿಂತು ಅದನ್ನು ತಿರುವುಮುರುವಾಗಿ ಹಾಕಿಸಬೇಕಾದವನು ಡ್ರೈವರ್. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನಿದ್ದೆಯಲ್ಲಿದ್ದ ಒಬ್ಬನನ್ನು ಬಿಟ್ಟು.

ಮೊದಲ ಅಂಗಡಿ ಮುಂದೆ ಲಾರಿಯ ಬಾಗಿಲು ತೆಗೆದಾಗ ಅವನ ಮುಖದ ನೀರಿಳಿಯಿತು. ಒಳಗಿನ ಎರಡು ಬೇಸಿನ್‌ಗಾಗಿ ಮುಂದಿನ ಮಾಲೆಲ್ಲ ಬೀದಿಗೆ ಇಳಿಯಿತು. ಫುಟ್‌ಪಾತ್ ಉದ್ದಕ್ಕೂ ಕಮೋಡುಗಳು ಸಾಲಾಗಿ ನಿಂತವು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜ ಒಂದರ ಮುಚ್ಚಳ ಎತ್ತಿ ನೋಡಿ, ಬಣ್ಣದ್ದು ಇಲ್ಲವಾ ಎಂದು ವಿಚಾರಿಸಿದ. ಇಳಿಸಿದ್ದನ್ನೆಲ್ಲ ಮತ್ತೆ ಹತ್ತಿಸಿ ಹೋದರೆ ಎರಡನೇ ಅಂಗಡಿಯಲ್ಲೂ ಅದೇ ರಾಮಾಯಣ.

ಮನೆ ಮುಟ್ಟಿದಾಗ ಕತ್ತಲಾಗಿ ಬಹಳ ಹೊತ್ತಾಗಿತ್ತು. ಹೆಂಡತಿ ಕೆಲಸಕ್ಕೆ ಹೊರಟ ಸೀರೆಯಲ್ಲೇ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಜ್ವರ ಎಂದು ಲಾಂಡ್ರಿಗೆ ಸುಳ್ಳು ಹೇಳಿದ್ದಳಂತೆ. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಅವರು ಹೇಳಿದ್ದರಂತೆ. ಅಷ್ಟು ಹೇಳಿ ಬ್ಯಾಗನ್ನು ಮೊಳೆಗೆ ನೇತುಹಾಕಿದಳು. ಅವಳು ಎರಡು ಏಟು ಹಾಕಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಮಾರನೇ ದಿನದಿಂದ ಅವನು ಹಮಾಲರ ಬೆನ್ನು ಬಿಡಲಿಲ್ಲ. ಕೊನೆಯದು ಮೊದಲು ಹಾಕಿ, ಮೊದಲಿನದು ಕೊನೆಗೆ ಹಾಕಿ ಎಂದು ಕೂಗಿ ಕೂಗಿ ಗಂಟಲು ಕಟ್ಟಿತು. ಎಳೆಯುವ ಕಣ್ಣಿಗೆ ನೀರು ಚಿಮುಕಿಸಿಕೊಂಡ. ಐದೂಮುಕ್ಕಾಲಿಗೆ ಮನೆ ಬಾಗಿಲಲ್ಲಿ ಅವನ ಚಪ್ಪಲಿ ಬೀಳತೊಡಗಿತು. ಅವಳು ಮಗುವನ್ನು ಅವನ ಕೈಗಿಟ್ಟು, ಓಡುನಡಿಗೆಯಲ್ಲಿ ಬೀದಿ ದಾಟುತ್ತಿದ್ದಳು.

ತಿಂಗಳು ಮುಗಿಯಲು ಇನ್ನೇನು ನಾಲ್ಕೈದು ದಿನ ಇತ್ತು. ಅವತ್ತು ಕೊನೆಯ ಅಂಗಡಿಗೆ ಹೋದರೆ ಶಟರ್ ಎಳೆದಿತ್ತು. ಮಾಲೀಕ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಾನೆ, ಏಳಕ್ಕೆ ಬರುತ್ತಾನೆ ಎಂದು ಪಕ್ಕದ ಕ್ಷೌರಿಕ ಹೇಳಿದ. ಆಗಲೇ ಐದಾಗಿತ್ತು. ಮೇಡಂಗೆ ಫೋನ್ ಮಾಡಿದ, ಎತ್ತಲಿಲ್ಲ.

ದೂರದ ಡ್ರೈವರ್‌ಗೆ ಲೋಡ್ ವಾಪಸ್ ತರುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಗೋದಾಮಿನ ಗೇಟಿನ ಮುಂದೆ ಎರಡೆರಡು ದಿನ ಕಾದವನು ಇವನು. ಕಾದರೆ ಅವಳ ಕೆಲಸ ಹೋಗುತ್ತದೆ. ಕಾಯದಿದ್ದರೆ ತನ್ನ ರೂಟ್ ಹೋಗುತ್ತದೆ, ರೂಟ್ ಹೋದರೆ ಅವಳ ಕೆಲಸವೂ ಹೋದಂತೆಯೇ. ಶಟರ್ ಮುಂದೆ ಅತ್ತಿಂದಿತ್ತ ಓಡಾಡಿದ. ಕೊನೆಗೆ, ಇವತ್ತೊಂದು ದಿನವಾದರೂ ಅವಳು ಹೋಗಲಿ ಎಂದು ಹಲ್ಲು ಕಚ್ಚಿ ಲಾರಿ ತಿರುಗಿಸಿದ.

ಅವಳು ಹೋದಳು. ಮಗು ಅತ್ತಿತು, ಸುಮ್ಮನಾಯಿತು. ಅವಳು ವಾಪಸ್ ಬಂದು, ಕೈಗೆ ಹತ್ತಿದ ಸೋಪಿನ ವಾಸನೆ ಬಗ್ಗೆ, ಜೊತೆಯವಳ ಹರಟೆ ಬಗ್ಗೆ ಬಾಯಿ ತುಂಬಾ ಮಾತಾಡಿದಳು. ಆ ಮುಖ ನೋಡಿ ಅವನು ಲೋಡಿನ ವಿಷಯ ಎತ್ತದೆ ಅವಳಿಗೆ ಊಟ ಬಡಿಸಿದ.

ಬೆಳಿಗ್ಗೆ ಮೇಡಂ ಎದುರು ನಿಂತ.

“ಲೋಡ್ ವಾಪಸ್ ತಂದಿದೀನಿ ಮೇಡಂ. ಕಾಯಬಹುದಿತ್ತು, ಕಾಯಲಿಲ್ಲ. ಮನೆಗೆ ಹೋಗಲೇಬೇಕಿತ್ತು.”

ಮೇಡಂ ಕನ್ನಡಕದ ಮೇಲಿಂದ ನೋಡಿದರು. “ಅದಕ್ಕೇನೀಗ? ಅಂಗಡಿ ಎದ್ದು ಓಡಿ ಹೋಗತ್ತಾ? ಇವತ್ತೂ ಅದೇ ದಾರೀಲಿ ತಾನೆ ಹೋಗೋದು, ಕೊಟ್ಟು ಬಾ.”

ಅವನು ನಿಂತೇ ಇದ್ದ. ಹೆದ್ದಾರಿಯಲ್ಲಿ ಬಿಟ್ಟು ಬಂದ ಊರನ್ನು ಮತ್ತೆ ಯಾವಾಗ ನೋಡುವುದೋ ಗೊತ್ತಿರುವುದಿಲ್ಲ, ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಿ ಹೊರಡಬೇಕು. ಮನೆಗೂ ಅವನು ಹಾಗೆಯೇ ಹೋಗುತ್ತಿದ್ದ. ಒಂದೂವರೆ ದಿನದಲ್ಲಿ ಮಗುವನ್ನು ಮುದ್ದು ಮಾಡಿ, ಹೆಂಡತಿ ಜೊತೆ ನಕ್ಕು, ಮುನಿಸಿಕೊಂಡು, ರಾಜಿಯಾಗಿ ಲಾರಿ ಹತ್ತುತ್ತಿದ್ದ. ಉಳಿದದ್ದನ್ನು ನಾಳೆ ಮಾಡಬಹುದು ಎಂಬ ಮಾತು ಅವನ ಬದುಕಿನಲ್ಲೇ ಇರಲಿಲ್ಲ.

ಹೊರಗೆ ಬಂದು ಮನೆಗೆ ಫೋನ್ ಮಾಡಿದ. ಬಹಳ ಹೊತ್ತು ರಿಂಗಾಗಿ ಅವಳು ಎತ್ತಿದಳು, ನಿದ್ದೆಗಣ್ಣಿನ ದನಿ.

“ಸಂಜೆ ಬರ್ತೀನಿ,” ಎಂದ.

“ಗೊತ್ತು. ಅಷ್ಟು ಹೇಳೋಕೆ ಎಬ್ಬಿಸಿದ್ಯಾ? ಮಗು ಈಗ ತಾನೆ ಮಲಗಿದೆ,” ಎಂದು ಗೊಣಗಿ ಫೋನ್ ಇಟ್ಟಳು.

ತಾನು ಸಂಜೆ ಬರುವುದು ಅವಳಿಗೀಗ ಸುದ್ದಿಯೇ ಅಲ್ಲ. ಬೈಸಿಕೊಂಡ ಖುಷಿಗೆ ಅವನ ಕಣ್ಣು ತುಂಬಿ ಬಂತು.